ಬೊರ್ರಾ ಗುಹೆಗಳು ಹಾಗೂ ವಿಶಾಖಪಟ್ಟಣದ ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳು: ಪ್ರವಾಸಿಗರಿಗೆ ಮಾಹಿತಿ

ಆಂಧ್ರಪ್ರದೇಶದ ವಿಶಾಖಪಟ್ಟಣ ನಗರದಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಪೂರ್ವಘಟ್ಟಗಳ ಅನಂತಗಿರಿ ಬೆಟ್ಟಗಳ ನಡುವೆ ಬೊರ್ರಾ ಗುಹೆಗಳು ಇವೆ. ಈ ಪ್ರದೇಶವು ಹಿಂದೆ ವಿಶಾಖಪಟ್ಟಣ ಜಿಲ್ಲೆಗೆ ಸೇರಿತ್ತು. 2022ರ ಏಪ್ರಿಲ್ 4ರಂದು ಹೊಸ ಜಿಲ್ಲೆಗಳು ರಚನೆಯಾದಾಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರ್ಪಡೆಯಾಯಿತು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ಈ ಗುಹೆಗಳು ಭಾರತದಲ್ಲಿ ಸಾರ್ವಜನಿಕ ವೀಕ್ಷಣೆಗೆ ತೆರೆದಿರುವ ದೊಡ್ಡ ಸುಣ್ಣಕಲ್ಲಿನ ಗುಹೆಗಳಲ್ಲಿ ಸೇರಿವೆ. ಗುಹೆಯ ಆಳ ಸುಮಾರು 80 ಮೀಟರ್ ಎಂದು ಗುರುತಿಸಲಾಗಿದೆ. ನಿರ್ವಹಣೆಯ ಹೊಣೆ ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ್ದಾಗಿದೆ.

ಕರ್ನಾಟಕದ ಪ್ರವಾಸಿಗರಿಗೆ ಸುಣ್ಣಕಲ್ಲಿನ ರಚನೆಗಳು ತೀರ ಅಪರಿಚಿತವೇನಲ್ಲ. ಉತ್ತರ ಕನ್ನಡ ಜಿಲ್ಲೆಯ ಯಾಣದ ಶಿಖರಗಳು ಹಾಗೂ ದಾಂಡೇಲಿ ಸಮೀಪದ ಕವಳಾ ಗುಹೆ ಇದೇ ಬಗೆಯ ಶಿಲೆಯವು. ಆದರೆ ಯಾಣದಲ್ಲಿ ಬಂಡೆಯನ್ನು ಹೊರಗಿನಿಂದ ನೋಡಬೇಕು, ಕವಳಾದಲ್ಲಿ ಬಾಗಿ ತೆವಳಿ ಒಳಹೋಗಬೇಕು. ಬೊರ್ರಾದಲ್ಲಿ ಮೆಟ್ಟಿಲಿಳಿದ ಕೂಡಲೇ ದೇವಾಲಯದ ಮಹಾಮಂಟಪಕ್ಕಿಂತ ಎಷ್ಟೋ ಪಾಲು ಎತ್ತರದ ಸಭಾಂಗಣವೊಂದು ಎದುರಾಗುತ್ತದೆ. ಅದರ ಛಾವಣಿಯಲ್ಲಿರುವ ಬಿರುಕಿನಿಂದ ಬಿಸಿಲ ಕೋಲು ಇಳಿದು ನೆಲ ಮುಟ್ಟುವುದನ್ನು ಕಾಣಬಹುದು.

ಗುಹೆ ರಚನೆಯಾದ ಬಗೆ

ಮಳೆನೀರು ಗಾಳಿಯಲ್ಲಿರುವ, ಅದಕ್ಕಿಂತ ಹೆಚ್ಚಾಗಿ ಕಾಡಿನ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಕಾರ್ಬೋನಿಕ್ ಆಮ್ಲವಾಗುತ್ತದೆ. ಈ ನೀರು ಸುಣ್ಣಕಲ್ಲಿನ ಸೀಳುಗಳಲ್ಲಿ ಇಳಿಯುವಾಗ ಕಲ್ಲಿನ ಕ್ಯಾಲ್ಸಿಯಂ ಕಾರ್ಬೋನೇಟನ್ನು ಕರಗಿಸಿಕೊಂಡು ಹೋಗುತ್ತದೆ. ಸೀಳು ಕಾಲುವೆಯಾಗುತ್ತದೆ, ಕಾಲುವೆ ಸುರಂಗವಾಗುತ್ತದೆ. ಬೊರ್ರಾದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದು ಗೋಸ್ತನಿ ನದಿಯ ನೀರು. ನದಿಯು ಇಂದಿಗೂ ಗುಹೆಯ ತಳದಲ್ಲಿ ಹರಿಯುತ್ತದೆ.

ಗುಹೆ ಬರಿದಾದ ಮೇಲೆ ಎರಡನೆಯ ಘಟ್ಟ ಆರಂಭವಾಗುತ್ತದೆ. ಸುಣ್ಣವನ್ನು ಕರಗಿಸಿಕೊಂಡ ನೀರಿನ ಹನಿ ಛಾವಣಿಯಲ್ಲಿ ತೂಗಾಡುವಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗುಹೆಯ ಗಾಳಿಗೆ ಸೇರಿಹೋಗುತ್ತದೆ. ಆಗ ನೀರು ಅಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳಲಾರದು. ಸ್ವಲ್ಪ ಭಾಗ ಕ್ಯಾಲ್ಸೈಟ್ ಹರಳಾಗಿ ಅಲ್ಲಿಯೇ ಉಳಿಯುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ಇಳಿಬೀಳುವ ರಚನೆಯನ್ನು ಸ್ಟಾಲಕ್ಟೈಟ್ ಎಂದೂ, ಹನಿ ಬಿದ್ದ ನೆಲದಿಂದ ಮೇಲಕ್ಕೆ ಬೆಳೆಯುವ ರಚನೆಯನ್ನು ಸ್ಟಾಲಗ್ಮೈಟ್ ಎಂದೂ ಕರೆಯಲಾಗುತ್ತದೆ. ಎರಡೂ ಕೂಡಿದಲ್ಲಿ ಕಂಬವಾಗುತ್ತದೆ. ಇವುಗಳ ಬೆಳವಣಿಗೆ ಅತಿ ನಿಧಾನ. ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಬೆಳೆದರೆ ಅದು ಸಾಮಾನ್ಯ ವೇಗವೆನಿಸುತ್ತದೆ. ಅಂದರೆ ಒಂದು ಹೆಬ್ಬೆರಳುದ್ದದ ತುದಿ ಮುರಿದುಬಿದ್ದರೆ ಅದು ಮರಳಿ ಬೆಳೆಯಲು ಐದಾರು ಶತಮಾನಗಳು ಬೇಕಾಗಬಹುದು. ಗುಹೆಯೊಳಗೆ ಕಲ್ಲನ್ನು ಮುಟ್ಟಬಾರದು, ಒರಗಬಾರದು, ಹತ್ತಬಾರದು ಎಂಬ ಸೂಚನೆಗೆ ಇದೇ ಕಾರಣ. ಕೈಯ ಬೆವರು ಮತ್ತು ಎಣ್ಣೆಯಂಶ ಹರಳಿನ ಮೇಲೆ ಅಂಟಿಕೊಂಡರೆ ಹೊಸ ಸುಣ್ಣ ಅಲ್ಲಿ ನೆಲೆಗೊಳ್ಳುವುದು ಕಷ್ಟವಾಗುತ್ತದೆ. ಮುಟ್ಟಿದ ಜಾಗ ಕ್ರಮೇಣ ಕಪ್ಪಾಗುತ್ತದೆ. ಸಂದರ್ಶಕರ ದಾರಿಯ ಪಕ್ಕದ ಎಷ್ಟೋ ಕಂಬಗಳು ಸೊಂಟದೆತ್ತರದವರೆಗೆ ನುಣುಪಾಗಿ ಮಾಸಿರುವುದನ್ನು ಯಾರಾದರೂ ಗಮನಿಸಬಹುದು.

ಮಾರ್ಗದರ್ಶಕರು ಟಾರ್ಚಿನ ಬೆಳಕು ಹಾಯಿಸಿ ಶಿವ–ಪಾರ್ವತಿ, ತಾಯಿ–ಮಗು, ಋಷಿಯ ಗಡ್ಡ, ಮೊಸಳೆ, ಮನುಷ್ಯನ ಮೆದುಳು ಎಂದು ಒಂದೊಂದನ್ನೂ ಹೆಸರಿಸಿ ತೋರಿಸುತ್ತಾರೆ. ಕೆಲವು ಹೋಲಿಕೆಗಳು ಕೂಡಲೇ ಕಾಣುತ್ತವೆ, ಕೆಲವಕ್ಕೆ ನೋಡುವವರ ಔದಾರ್ಯ ಬೇಕಾಗುತ್ತದೆ. ಮಕ್ಕಳು ಮಾತ್ರ ಈ ಹೆಸರುಗಳಿಲ್ಲದಿದ್ದರೆ ಅರ್ಧ ದಾರಿಯಲ್ಲೇ ಬೇಸರಗೊಳ್ಳುವ ಸಂಭವವಿರುವುದರಿಂದ, ಕುಟುಂಬ ಸಮೇತ ಬರುವವರು ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಸ್ಥಳೀಯ ಐತಿಹ್ಯ ಮತ್ತು ಒಂದು ತಪ್ಪು ಇಸವಿ

ಬೆಟ್ಟದ ಮೇಲೆ ಮೇಯುತ್ತಿದ್ದ ಹಸುವೊಂದು ಛಾವಣಿಯ ರಂಧ್ರದ ಮೂಲಕ ಒಳಗೆ ಬಿದ್ದಿತು. ಅದನ್ನು ಹುಡುಕುತ್ತ ಬಂದ ದನಗಾಹಿಗೆ ಗುಹೆಯೊಳಗೆ ಲಿಂಗಾಕಾರದ ಕಲ್ಲು ಕಂಡಿತು. ಹಸುವನ್ನು ಶಿವನೇ ಕಾಪಾಡಿದನೆಂದು ತಿಳಿದ ಊರವರು ಅಲ್ಲಿ ಪೂಜೆ ಆರಂಭಿಸಿದರು. ಇದು ಸುತ್ತಲಿನ ಹಳ್ಳಿಗಳಲ್ಲಿ ಹೇಳುವ ಕಥೆ. ಲಿಂಗದ ಮೇಲ್ಭಾಗದ ಕಲ್ಲಿನ ರಚನೆಯನ್ನು ಕಾಮಧೇನುವೆಂದು ಭಾವಿಸಲಾಗುತ್ತದೆ. ಹಸುವಿನ ಕೆಚ್ಚಲಿನಿಂದ ಇಳಿದುಬಂದದ್ದು ಎಂಬ ಅರ್ಥದಲ್ಲಿಯೇ ನದಿಗೆ ಗೋಸ್ತನಿ ಎಂಬ ಹೆಸರು. ಮಹಾಶಿವರಾತ್ರಿಯಂದು ಬೆಟ್ಟದ ಹಳ್ಳಿಗಳ ಜನರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿ ಸೇರುತ್ತಾರೆ. ಆ ದಿನ ಗುಹೆಯ ರಚನೆಗಳನ್ನು ನಿಧಾನವಾಗಿ ನೋಡಬಯಸುವವರಿಗೆ ಅವಕಾಶ ಕಡಿಮೆ. ಹಬ್ಬವನ್ನು ನೋಡಬಯಸುವವರಿಗೆ ಅದೇ ಸೂಕ್ತ ದಿನ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಲಿಯಂ ಕಿಂಗ್ ಎಂಬವರು 1807ರಲ್ಲಿ ಈ ಗುಹೆಯನ್ನು ಕಂಡುಹಿಡಿದರು ಎಂಬ ವಾಕ್ಯ ಅನೇಕ ಪ್ರವಾಸಿ ಕೈಪಿಡಿಗಳಲ್ಲಿ ಮುದ್ರಿತವಾಗಿದೆ. ಸದರಿ ಸಂಸ್ಥೆ ಸ್ಥಾಪನೆಯಾದುದೇ 1851ರಲ್ಲಿ. ವಿಲಿಯಂ ಕಿಂಗ್ ಅವರು ಅದರ ನಿರ್ದೇಶಕರಾಗಿದ್ದುದು 1887ರಿಂದ 1894ರವರೆಗೆ. ಆದ್ದರಿಂದ ಈ ಇಸವಿಯನ್ನು ಶಾಲಾ ಮಕ್ಕಳು ತಮ್ಮ ಪ್ರವಾಸ ವರದಿಗಳಲ್ಲಿ ಬರೆಯದಿರುವುದು ಮೇಲು. ಅದಕ್ಕೂ ಮಿಗಿಲಾಗಿ, ಪೂಜೆ ನಡೆಯುತ್ತಿದ್ದ ಗುಹೆಯನ್ನು ಅಧಿಕಾರಿಯೊಬ್ಬರು ಕಂಡುಹಿಡಿದರು ಎಂಬ ಮಾತಿಗೆ ಬೆಟ್ಟದ ಜನರ ದೃಷ್ಟಿಯಲ್ಲಿ ಹೆಚ್ಚು ಅರ್ಥವಿಲ್ಲ.

ಗುಹೆಯ ಒಳಗೆ ಹೋಗುವವರ ಗಮನಕ್ಕೆ

ಗುಹೆಯು ಸಾಮಾನ್ಯವಾಗಿ ಬೆಳಿಗ್ಗೆ 10 ಗಂಟೆಯಿಂದ ಸಂಜೆ 5 ಗಂಟೆಯವರೆಗೆ ತೆರೆದಿರುತ್ತದೆ. ಪ್ರವೇಶ ಶುಲ್ಕವೂ ಕ್ಯಾಮೆರಾ ಶುಲ್ಕವೂ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ದರ ಹಾಗೂ ವೇಳೆಯನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು. ದಾರಿಯುದ್ದಕ್ಕೂ ವಿದ್ಯುದ್ದೀಪಗಳ ವ್ಯವಸ್ಥೆಯಿದ್ದು ಮೆಟ್ಟಿಲುಗಳಿಗೆ ಕೈಹಿಡಿಗಳನ್ನು ಅಳವಡಿಸಲಾಗಿದೆ. ಆದಾಗ್ಯೂ ಇಳಿದಷ್ಟೇ ಮೆಟ್ಟಿಲುಗಳನ್ನು ಮರಳಿ ಹತ್ತಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಮಂಡಿನೋವು, ಹೃದ್ರೋಗ ಅಥವಾ ಉಸಿರಾಟದ ತೊಂದರೆ ಇರುವವರು ಪ್ರವೇಶದ್ವಾರದ ಸಮೀಪದ ಮೊದಲ ಸಭಾಂಗಣವನ್ನು ನೋಡಿ ಹಿಂದಿರುಗಬಹುದು. ಗುಹೆಯ ವೈಭವದ ದೊಡ್ಡ ಪಾಲು ಅಲ್ಲಿಯೇ ಇದೆ. ಲಿಂಗವಿರುವ ಸ್ಥಳಕ್ಕೆ ಹೋಗಲು ಕಡಿದಾದ ಏರನ್ನು ಹತ್ತಬೇಕು.

ನೆಲವು ಸದಾ ತೇವವಾಗಿರುವುದರಿಂದ ಹಿಡಿತವಿರುವ ಪಾದರಕ್ಷೆ ಧರಿಸುವುದು ಅವಶ್ಯ. ಗುಹೆಯಲ್ಲಿ ಬಾವಲಿಗಳು ವಾಸವಾಗಿವೆ. ಕೂಗುವುದು, ಅವುಗಳತ್ತ ಬೆಳಕು ಹಾಯಿಸುವುದು, ಕಲ್ಲೆಸೆಯುವುದು ಅವುಗಳನ್ನು ಹಗಲಿನಲ್ಲಿ ಹಾರಿಸುತ್ತದೆ. ಇದರಿಂದ ಅವುಗಳಿಗೂ ಕಿರಿದಾದ ಮೆಟ್ಟಿಲಿನ ಮೇಲಿರುವ ಜನರಿಗೂ ಅಪಾಯ. ಆಹಾರ ಪದಾರ್ಥ ಹಾಗೂ ಪ್ಲಾಸ್ಟಿಕ್ ಚೀಲಗಳನ್ನು ಒಳಗೆ ಒಯ್ಯಬಾರದು. ಹೊರಗೆ ಕೋತಿಗಳ ಹಾವಳಿಯಿದೆ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ನಡೆಯುವವರು ಅದನ್ನು ಕಳೆದುಕೊಂಡರೆ ದೂರು ಸಲ್ಲಿಸಲು ಯಾವ ಕಚೇರಿಯೂ ಇರುವುದಿಲ್ಲ.

ರೈಲು ಮಾರ್ಗ

ಬೊರ್ರಾಕ್ಕೆ ಶೃಂಗವರಪುಕೋಟ ಹಾಗೂ ಅನಂತಗಿರಿ ಮೂಲಕ ಘಟ್ಟದ ರಸ್ತೆಯಿದೆ. ಆದರೆ ಹೋಗುವಾಗಲಾದರೂ ರೈಲಿನಲ್ಲಿ ಹೋಗಬೇಕು. ಬಸ್ತರ್‌ನ ಬೈಲಾಡಿಲಾ ಗಣಿಗಳ ಕಬ್ಬಿಣದ ಅದಿರನ್ನು ವಿಶಾಖಪಟ್ಟಣ ಬಂದರಿಗೆ, ಅಲ್ಲಿಂದ ಜಪಾನಿಗೆ ಸಾಗಿಸುವ ಉದ್ದೇಶದಿಂದ 1960ರ ದಶಕದಲ್ಲಿ ನಿರ್ಮಾಣವಾದ ಕೊತ್ತವಲಸ–ಕಿರಂದೂಲ್ ಮಾರ್ಗವಿದು. ಮಾರ್ಗದಲ್ಲಿ 58 ಸುರಂಗಗಳಿವೆ. ಬೊರ್ರಾ ಮತ್ತು ಅರಕು ನಡುವಿನ ಶಿಮಿಲಿಗುಡ ನಿಲ್ದಾಣವು ಸುಮಾರು 996 ಮೀಟರ್ ಎತ್ತರದಲ್ಲಿದ್ದು, ಬಹುಕಾಲ ದೇಶದ ಅತಿ ಎತ್ತರದ ಬ್ರಾಡ್‌ಗೇಜ್ ನಿಲ್ದಾಣವೆಂಬ ಹೆಸರು ಪಡೆದಿತ್ತು. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯನ್ನು 2017ರ ಏಪ್ರಿಲ್‌ನಲ್ಲಿ ಈ ಮಾರ್ಗದಲ್ಲಿ ಆರಂಭಿಸಲಾಯಿತು. ಅದರ ಆಸನಗಳು ಚಳಿಗಾಲದಲ್ಲಿ ಬಹು ಮುಂಚಿತವಾಗಿ ಭರ್ತಿಯಾಗುತ್ತವೆ. ಕಾಯ್ದಿರಿಸಿದ ಟಿಕೆಟ್ಟಿನೊಂದಿಗೆ ಮೂಲ ಗುರುತಿನ ಚೀಟಿಯನ್ನು ಹೊಂದಿರತಕ್ಕದ್ದು.

ರೈಲು ವಿಶಾಖಪಟ್ಟಣದಿಂದ ಬೆಳಗಿನ ಜಾವದ ನಂತರ ಹೊರಡುತ್ತದೆ. ಇಳಿಯಬೇಕಾದ ನಿಲ್ದಾಣ ಬೊರ್ರಾ ಗುಹಲು. ಅಲ್ಲಿಂದ ಗುಹೆ ಅಲ್ಪ ದೂರ. ಪ್ರಯಾಣಿಕರಿಗೆ ಸಾಮಾನ್ಯವಾಗಿ ತಿಳಿಯದ ಸಂಗತಿಯೆಂದರೆ, ರೈಲು ಹಳಿಗಳು ಗುಹೆಯ ಮೇಲ್ಭಾಗದ ಬೆಟ್ಟದಲ್ಲಿಯೇ ಹಾದುಹೋಗುತ್ತವೆ. ಮೇಲೆ ಅದಿರಿನ ರೈಲು, ನಡುವೆ ಸುಣ್ಣದ ಕಂಬಗಳು, ತಳದಲ್ಲಿ ನದಿ. ಭಾರಿ ಮಳೆಯ ದಿನಗಳಲ್ಲಿ ಹಳಿಗಳ ಮೇಲೆ ಬಂಡೆ ಅಥವಾ ಮಣ್ಣು ಕುಸಿದು ಸಂಚಾರ ಸ್ಥಗಿತಗೊಳ್ಳುವುದುಂಟು. ಜುಲೈನಿಂದ ಅಕ್ಟೋಬರ್‌ವರೆಗೆ ಪ್ರಯಾಣ ಮಾಡುವವರು ಒಂದು ದಿನವನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಪ್ರವಾಸಕ್ಕೆ ಅತ್ಯಂತ ಸೂಕ್ತ.

ಬೆಟ್ಟ ಯಾರದ್ದು ಎಂಬ ಪ್ರಶ್ನೆ

ಬೊರ್ರಾ ಎಂಬ ಹೆಸರು ಭಾರತದ ಕಾನೂನು ಚರಿತ್ರೆಯಲ್ಲಿಯೂ ಇದೆ. ಅನಂತಗಿರಿ ಮಂಡಲದ ಬೊರ್ರಾ ಪಂಚಾಯಿತಿಯ 14 ಹಳ್ಳಿಗಳು ಸಂವಿಧಾನದ ಐದನೆಯ ಅನುಸೂಚಿಯ ವ್ಯಾಪ್ತಿಗೆ ಬರುವ ಅನುಸೂಚಿತ ಪ್ರದೇಶವಾಗಿವೆ. ಗುಹೆಯನ್ನು ಸೃಷ್ಟಿಸಿದ ಖನಿಜವೇ ಇಲ್ಲಿ ಗಣಿಗಾರಿಕೆಯನ್ನೂ ಸೆಳೆಯಿತು. ಕ್ಯಾಲ್ಸೈಟ್ ಮುಂತಾದ ಖನಿಜಗಳಿಗಾಗಿ ಇಲ್ಲಿನ ಅರಣ್ಯ ಹಾಗೂ ಸರ್ಕಾರಿ ಭೂಮಿಯನ್ನು ಖಾಸಗಿ ಗಣಿ ಉದ್ಯಮಗಳಿಗೆ ಗುತ್ತಿಗೆ ನೀಡಿದ್ದನ್ನು ಸಮತಾ ಎಂಬ ಸ್ವಯಂಸೇವಾ ಸಂಸ್ಥೆಯು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1997ರ ಜುಲೈ 11ರಂದು ಸರ್ವೋಚ್ಚ ನ್ಯಾಯಾಲಯವು ಬಹುಮತದ ತೀರ್ಪು ನೀಡಿ, ಅನುಸೂಚಿತ ಪ್ರದೇಶದಲ್ಲಿರುವ ಸರ್ಕಾರಿ ಭೂಮಿಯನ್ನೂ ಆದಿವಾಸಿಯೇತರರಿಗೆ ಗಣಿ ಗುತ್ತಿಗೆಗೆ ಕೊಡುವಂತಿಲ್ಲ ಎಂದು ಘೋಷಿಸಿತು. ಭೂ ವರ್ಗಾವಣೆ ನಿಯಮದಲ್ಲಿ ಬರುವ ವ್ಯಕ್ತಿ ಎಂಬ ಪದದಲ್ಲಿ ಸರ್ಕಾರವೂ ಸೇರುತ್ತದೆ ಎಂಬುದು ಆ ತೀರ್ಪಿನ ತಿರುಳು. ರಾಜ್ಯ ಖನಿಜ ಅಭಿವೃದ್ಧಿ ನಿಗಮ ಅಥವಾ ಆದಿವಾಸಿಗಳ ಸಹಕಾರ ಸಂಘಗಳು ಗಣಿ ನಡೆಸಬಹುದು. ನಡೆಸಿದಲ್ಲಿ ನಿವ್ವಳ ಲಾಭದ ಕನಿಷ್ಠ ಶೇಕಡಾ 20ರಷ್ಟನ್ನು ಸ್ಥಳೀಯ ಅಭಿವೃದ್ಧಿಗಾಗಿ ಶಾಶ್ವತ ನಿಧಿಯಾಗಿ ತೆಗೆದಿಡಬೇಕು ಎಂದೂ ನ್ಯಾಯಾಲಯ ಹೇಳಿತು.

ಪ್ರವಾಸಿಗರಿಗೆ ಇದರಿಂದ ಎರಡು ಪ್ರಯೋಜನಕರ ತಿಳಿವಳಿಕೆಗಳು ದೊರೆಯುತ್ತವೆ. ಮೊದಲನೆಯದು, ಟಿಕೆಟ್ ಪಡೆದು ಒಳಬರುವ ಸಂದರ್ಶಕರು ಬೆಟ್ಟದ ಜನರ ಅತಿಥಿಗಳಾಗಿರುತ್ತಾರೆ. ಮನೆಗಳ, ಸಂತೆಯ, ಹೆಂಗಸರು ಮಕ್ಕಳ ಛಾಯಾಚಿತ್ರ ತೆಗೆಯುವ ಮೊದಲು ಒಪ್ಪಿಗೆ ಕೇಳುವುದು ಕೇವಲ ಸೌಜನ್ಯದ ಮಾತಲ್ಲ. ಎರಡನೆಯದು, 1959ರ ಭೂ ವರ್ಗಾವಣೆ ನಿಯಮ ಹಾಗೂ 1970ರಲ್ಲಿ ಅದಕ್ಕೆ ಮಾಡಲಾದ ತಿದ್ದುಪಡಿಯ ಪ್ರಕಾರ ಅನುಸೂಚಿತ ಪ್ರದೇಶದಲ್ಲಿ ಆದಿವಾಸಿಯೇತರರಿಗೆ ಸ್ಥಿರಾಸ್ತಿ ವರ್ಗಾವಣೆ ಮಾಡುವುದು ಅಸಿಂಧುವಾಗಿದೆ. ಅರಕು ಸುತ್ತಮುತ್ತ ಅಗ್ಗದ ದರದಲ್ಲಿ ನಿವೇಶನ ಅಥವಾ ತೋಟ ಕೊಡಿಸುವುದಾಗಿ ಯಾರಾದರೂ ಹೇಳಿದಲ್ಲಿ ಹಣ ಕಟ್ಟುವ ಮುನ್ನ ಈ ನಿಯಮವನ್ನು ನೆನಪಿಟ್ಟುಕೊಳ್ಳುವುದು ಹಿತಕರ. ಬೆಟ್ಟದ ತಂಪಿಗೆ ಮನಸೋತು ಉಳಿತಾಯ ಕಳೆದುಕೊಂಡವರಿಗೆ ಅಲ್ಲಿನ ದಾಖಲೆ ಯಾವ ನ್ಯಾಯಾಲಯದಲ್ಲಿಯೂ ನೆರವಾಗುವುದಿಲ್ಲ.

ಅರಕು ಕಣಿವೆ

ಬೊರ್ರಾದಿಂದ ಸುಮಾರು 35 ಕಿಲೋಮೀಟರ್ ಮುಂದೆ ಅರಕು ಕಣಿವೆ. ಕೊಂಡದೊರ, ಬಗತ, ಪೊರಜ, ಗದಬ ಮೊದಲಾದ ಸಮುದಾಯಗಳ ನೆಲೆ ಇದು. ಅವರ ಕೃಷಿ ಉಪಕರಣಗಳು, ಆಭರಣಗಳು, ಬೇಟೆಯ ಸಾಧನಗಳನ್ನು ಆದಿವಾಸಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಒಬ್ಬರ ಬೆನ್ನ ಮೇಲೊಬ್ಬರು ತೋಳು ಹೆಣೆದು ಸರಪಳಿಯಂತೆ ಸಾಗುವ ಧಿಂಸಾ ನೃತ್ಯ ಈ ಕಣಿವೆಯದು. ಬಿದಿರಿನ ಕೊಳವೆಯಲ್ಲಿ ಮಾಂಸ ತುಂಬಿ ಕೆಂಡದಲ್ಲಿ ಬೇಯಿಸುವ ಖಾದ್ಯವನ್ನು ಗುಹೆಯ ಬಳಿಯ ಅಂಗಡಿಗಳಲ್ಲಿಯೇ ಮಾರುತ್ತಾರೆ. ಬೊರ್ರಾ ಸಮೀಪದ ಕಟಿಕಿ ಜಲಪಾತಕ್ಕೆ ಜೀಪಿನಲ್ಲಿ ಸಾಗಿ ಕೊನೆಯ ಭಾಗವನ್ನು ನಡೆದು ತಲುಪಬೇಕು. ಮಳೆಗಾಲ ಮುಗಿದ ಹೊಸದರಲ್ಲಿ ನೋಡುವುದು ಚೆನ್ನ.

ಅನಂತಗಿರಿಯ ಇಳಿಜಾರುಗಳಲ್ಲಿ ಕಾಫಿ ಹಾಗೂ ಕಾಳುಮೆಣಸಿನ ತೋಟಗಳಿವೆ. 2019ರ ಮಾರ್ಚ್‌ನಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತ ಐದು ಭಾರತೀಯ ಕಾಫಿಗಳಲ್ಲಿ ಅರಕು ಕಣಿವೆಯ ಅರೇಬಿಕಾ ಒಂದು. ಅದೇ ಪಟ್ಟಿಯಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳೂ ಇವೆ. ಮಲೆನಾಡಿನಿಂದ ಹೋದವರು ಕುಡಿದು ನೋಡಿ ತಮ್ಮ ತೀರ್ಮಾನಕ್ಕೆ ಬರಬಹುದು.

ಗೋಸ್ತನಿಯ ಜಾಡಿನಲ್ಲಿ

ಗುಹೆಯಿಂದ ಹೊರಬಿದ್ದ ಗೋಸ್ತನಿ ಬಯಲಿಗಿಳಿದು ತಾಟಿಪೂಡಿ ಜಲಾಶಯ ಸೇರುತ್ತದೆ. ವಿಶಾಖಪಟ್ಟಣ ನಗರಕ್ಕೆ ಕುಡಿಯುವ ನೀರು ಪೂರೈಸುವ ಮೂಲಗಳಲ್ಲಿ ಇದೂ ಒಂದು. ಗುಹೆಯ ಬಳಿ ಎಸೆದ ಕಸ ನಗರದ ನಲ್ಲಿಯವರೆಗಿನ ದಾರಿಯಲ್ಲಿಯೇ ಇರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಜಲಾಶಯವನ್ನು ದಾಟಿದ ನದಿಯು ಭೀಮುನಿಪಟ್ಟಣದಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಭೀಮಿಲಿ ಎಂದು ಜನ ಕರೆಯುವ ಈ ಊರು 17ನೆಯ ಶತಮಾನದಲ್ಲಿ ಡಚ್ಚರ ವ್ಯಾಪಾರ ಕೇಂದ್ರವಾಗಿತ್ತು. ಅವರ ಕಾಲದ ಗೋರಿಗಳಿರುವ ಸ್ಮಶಾನ ಈಗಲೂ ಇದೆ. 1861ರಲ್ಲಿ ಪುರಸಭೆ ಪಡೆದ ಇದು ದೇಶದ ಹಳೆಯ ಪುರಸಭೆಗಳಲ್ಲಿ ಒಂದಾಗಿತ್ತು. ವಿಶಾಖಪಟ್ಟಣದಿಂದ ಇಲ್ಲಿಗೆ ಬರುವ ಕಡಲತೀರದ ರಸ್ತೆಯ ಪಕ್ಕದಲ್ಲಿ ಎರ್ರಮಟ್ಟಿ ದಿಬ್ಬಗಳು ಸಿಗುತ್ತವೆ. ಕಡಲ ಪಕ್ಕದಲ್ಲಿ ಇಷ್ಟು ಕೆಂಪಾದ ಮರಳುದಿಬ್ಬಗಳು ಅಪರೂಪ. ಭೂಪಾರಂಪರಿಕ ತಾಣವೆಂದು ಗುರುತಿಸಲಾಗಿರುವ ಇದು 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ದಿಬ್ಬಗಳ ಅಂಚು ಸಡಿಲವಾಗಿದ್ದು ಕುಸಿಯುವ ಸಂಭವವಿರುವುದರಿಂದ ಅಂಚಿನ ಮೇಲೆ ನಿಲ್ಲಕೂಡದು. ಇದೇ ರಸ್ತೆಯಲ್ಲಿ ತೊಟ್ಲಕೊಂಡ ಹಾಗೂ ಬಾವಿಕೊಂಡ ಬೌದ್ಧ ವಿಹಾರಗಳ ಅವಶೇಷಗಳೂ ಇವೆ.

ಸಿಂಹಾಚಲ ಮತ್ತು ನಗರ

ವಿಶಾಖಪಟ್ಟಣದ ಹೊರವಲಯದ ಸಿಂಹಾಚಲದಲ್ಲಿ ವರಾಹ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರ್ತಿಯು ವರ್ಷವಿಡೀ ಚಂದನದ ಲೇಪದಿಂದ ಮುಚ್ಚಿರುತ್ತದೆ. ಅಕ್ಷಯ ತೃತೀಯದ ದಿನ ಮಾತ್ರ ನಿಜರೂಪ ದರ್ಶನ. ಅಂದು ಜನಸಂದಣಿ ವಿಪರೀತವಾಗಿರುವುದರಿಂದ ವೃದ್ಧರು ಮತ್ತು ಮಕ್ಕಳೊಂದಿಗೆ ಬರುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು. ಕನ್ನಡ ನಾಡಿಗೂ ಈ ಬೆಟ್ಟಕ್ಕೂ ಹಳೆಯ ನಂಟಿದೆ. ಮಧ್ವಾಚಾರ್ಯರ ಶಿಷ್ಯರಾಗಿದ್ದ ನರಹರಿತೀರ್ಥರ ಉಲ್ಲೇಖ ಇಲ್ಲಿನ ಹಾಗೂ ಶ್ರೀಕೂರ್ಮದ ಶಾಸನಗಳಲ್ಲಿ ದೊರೆಯುತ್ತದೆ. ಕಳಿಂಗ ದಂಡಯಾತ್ರೆಯ ಕಾಲದಲ್ಲಿ, 1516ರಲ್ಲಿ ಶ್ರೀಕೃಷ್ಣದೇವರಾಯನು ಇಲ್ಲಿಗೆ ಬಂದು ದೇವರಿಗೆ ಆಭರಣಗಳನ್ನು ಅರ್ಪಿಸಿದ್ದನ್ನು ದೇವಾಲಯದ ಶಾಸನವು ದಾಖಲಿಸಿದೆ. ಆತನ ವಿಜಯಸ್ತಂಭ ಭೀಮಿಲಿ ಕಡೆಯ ಪೊಟ್ನೂರಿನಲ್ಲಿ ಸ್ಥಾಪನೆಯಾಯಿತು.

ನಗರದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯ ವಸ್ತುಸಂಗ್ರಹಾಲಯವಿದೆ. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಗೊಂಡ ಈ ನೌಕೆಯನ್ನು ದಡಕ್ಕೆಳೆದು 2002ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಎದುರಿಗೇ ಟಿಯು–142 ವಿಮಾನದ ವಸ್ತುಸಂಗ್ರಹಾಲಯವನ್ನು 2017ರಲ್ಲಿ ತೆರೆಯಲಾಗಿದೆ. ಕೈಲಾಸಗಿರಿಗೆ ಸಂಜೆಯ ಹೊತ್ತು ಹೋಗಬಹುದು.

ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ನೇರ ವಿಮಾನ ಹಾಗೂ ರೈಲು ಸೌಲಭ್ಯವಿದೆ. ಒಡಿಶಾ ಮತ್ತು ಬಂಗಾಳದ ಕಡೆಗೆ ಸಾಗುವ ಕೆಲವು ರೈಲುಗಳು ವಿಶಾಖಪಟ್ಟಣ ನಿಲ್ದಾಣಕ್ಕೆ ಹೋಗದೆ ಹೊರವಲಯದ ದುವ್ವಾಡದಲ್ಲಿ ನಿಂತು ಮುಂದೆ ಸಾಗುತ್ತವೆ. ಟಿಕೆಟ್ ಕಾಯ್ದಿರಿಸುವಾಗ ಇಳಿಯುವ ನಿಲ್ದಾಣದ ಹೆಸರನ್ನು ಸರಿಯಾಗಿ ನೋಡಿಕೊಳ್ಳತಕ್ಕದ್ದು. ಬೊರ್ರಾ ಮತ್ತು ಅರಕುವನ್ನು ಒಂದೇ ದಿನದಲ್ಲಿ ನೋಡಿ ಮರಳುವುದು ಸಾಧ್ಯವಾದರೂ, ಘಟ್ಟದ ರಸ್ತೆಯಲ್ಲಿ ಚಳಿಗಾಲದ ಸಂಜೆ ಮಂಜು ಬೇಗ ಕವಿಯುವುದರಿಂದ ಅರಕುವಿನಲ್ಲಿ ಒಂದು ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಇಳಿಯುವುದು ಉತ್ತಮ.